ಡಬ್ಬಿಯ ಬೆನ್ನು ಹತ್ತಿದ ಕೋದಂಡರಾಮಪ್ಪ

ಬೆಳಗ್ಗೆ ಐದಕ್ಕೆದ್ದು ಬೇಳೆ ಬೇಯಿಸಿ, ಬದನೆಕಾಯಿ ಹೆಚ್ಚಿ, ಮಸಾಲೆ ರುಬ್ಬಿ, ಒಗ್ಗರಣೆಯ ಘಾಟಿಗೆ ಕೆಮ್ಮಿ ಕೆಮ್ಮಿ ಡಬ್ಬಿ ಕಟ್ಟಿಕೊಟ್ಟರೆ, ಸಂಜೆ ಮನೆಗೆ ಬಂದ ಹೆಂಡತಿ ಹೇಳುವುದು ಒಂದೇ ಮಾತು: "ಚೆನ್ನಾಗಿತ್ತು." ಇದು ಕೋದಂಡರಾಮಪ್ಪನವರ ದುಃಖ.

ಏನು ಚೆನ್ನಾಗಿತ್ತು, ಹುಳಿಯೋ ಪಲ್ಯವೋ? ಜೊತೆಯವರು ಏನಂದರು? ಇಂಥ ಯಾವ ಪ್ರಶ್ನೆಗೂ ಶ್ಯಾಮಲಾ ಬಿಡಿಸಿ ಉತ್ತರ ಕೊಡುತ್ತಿರಲಿಲ್ಲ. ತೊಳೆದು ತಂದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸೀರೆ ಬದಲಾಯಿಸಲು ಹೋಗಿಬಿಡುತ್ತಿದ್ದರು. ಕೋದಂಡರಾಮಪ್ಪನವರು ಆ ಖಾಲಿ ಡಬ್ಬಿಯನ್ನೇ ತಿರುವಿ ತಿರುವಿ ನೋಡುತ್ತ ನಿಲ್ಲುತ್ತಿದ್ದರು.

ಅವರು ಶ್ರೀನಿವಾಸಪುರದ ಕರೆಂಟ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ಹೋದ ವರ್ಷ ನಿವೃತ್ತರಾದವರು. ಶ್ಯಾಮಲಾ ಗೌನಿಪಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಇನ್ನೂ ಸರ್ವೀಸಿದೆ. ಗಂಡ ನಿವೃತ್ತರಾದ ಮಾರನೆಯ ಬೆಳಗ್ಗೆಯೇ ಶ್ಯಾಮಲಾ ಅಡುಗೆಮನೆಯ ಆಡಳಿತವನ್ನು ಸೌಟಿನ ಸಮೇತ ಹಸ್ತಾಂತರಿಸಿದ್ದರು. ಇಷ್ಟು ವರ್ಷ ನಾನು ಎರಡು ಡಬ್ಬಿ ಕಟ್ಟಿದ್ದೇನೆ, ಇನ್ನು ನೀವು ಒಂದು ಕಟ್ಟಿದರೆ ಸಾಕು ಅಂದಿದ್ದರು. ಲೆಕ್ಕ ನ್ಯಾಯವಾಗಿಯೇ ಇತ್ತು. ಕೋದಂಡರಾಮಪ್ಪನವರು ಮೊದಲು ಗೊಣಗಿದರು, ಆಮೇಲೆ ಕಲಿತರು, ಕಲಿತ ಮೇಲೆ ತಮ್ಮನ್ನು ನಳಮಹಾರಾಜನ ವಂಶಸ್ಥರೆಂದು ನಂಬಿದರು. (ಈ ನಂಬಿಕೆಗೆ ಸಾಕ್ಷಿ ಅವರೊಬ್ಬರೇ.)

ಆದರೆ ಆ "ಚೆನ್ನಾಗಿತ್ತು" ಮಾತ್ರ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಯಾಕೆಂದರೆ ಆ ಮಾತಿನ ಮರ್ಮ ಅವರಿಗಿಂತ ಚೆನ್ನಾಗಿ ಬಲ್ಲವರು ಶ್ರೀನಿವಾಸಪುರದಲ್ಲೇ ಇರಲಿಲ್ಲ. ಆಫೀಸಿನ ಅಷ್ಟೂ ವರ್ಷ ಸಂಜೆ ಮನೆಗೆ ಬಂದು ಹೆಂಡತಿಗೆ ಅವರು ಹೇಳುತ್ತಿದ್ದದ್ದೂ ಅದನ್ನೇ. ಡಬ್ಬಿಯ ಒಂದು ತುತ್ತನ್ನೂ ಬಾಯಿಗಿಡದೆ ಹೇಳುತ್ತಿದ್ದರು.

ಆ ಡಬ್ಬಿ ತಿನ್ನುತ್ತಿದ್ದವರು ಬುಡನ್ ಸಾಬ್. ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರ ಮೇಜು ಕೋದಂಡರಾಮಪ್ಪನವರ ಮೇಜಿಗೆ ಅಂಟಿಕೊಂಡೇ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಬುಡನ್ ಸಾಬರು ಡಬ್ಬಿಯ ಮುಚ್ಚಳ ತೆಗೆದಾಗ, ಮೆಂತ್ಯಸೊಪ್ಪು ಹಾಕಿದ ಕೈಮಾದ ಪರಿಮಳ ಫೈಲುಗಳ ಧೂಳನ್ನೆಲ್ಲ ದಾಟಿ ಬಂದು ಕೋದಂಡರಾಮಪ್ಪನವರ ಮೂಗನ್ನು ವಶಪಡಿಸಿಕೊಂಡಿತು. ಅವರ ಮನೆಯಲ್ಲಿ ಕುರಿ ಕೋಳಿಯೆಲ್ಲ ಭಾನುವಾರಕ್ಕೆ ಮಾತ್ರ. ಬುಡನ್ ಸಾಬರ ಕಣ್ಣು ಆಗಲೇ ಇವರ ಡಬ್ಬಿಯ ಬಸ್ಸಾರಿನ ಮೇಲಿತ್ತು. ಒಂದು ಮಾತೂ ಆಡದೆ ಡಬ್ಬಿಗಳು ಮೇಜು ಬದಲಾಯಿಸಿದವು. ಇಬ್ಬರೂ ನಿವೃತ್ತರಾಗುವವರೆಗೆ ಅದೇ ಪದ್ಧತಿ ನಡೆಯಿತು. ಸಂಬಳದ ದಿನ ಮಾತ್ರ ಇಬ್ಬರೂ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ತುಪ್ಪ ಜಾಸ್ತಿ ಹಾಕಿಸಿ ದೋಸೆ ತಿನ್ನುತ್ತಿದ್ದರು. ಅವತ್ತು ಎರಡು ಡಬ್ಬಿಯೂ ಹೋಟೆಲಿನ ಸಪ್ಲೈಯರ್ ಪಾಲಾಗುತ್ತಿತ್ತು. ಆತ ಎರಡನ್ನೂ ಕಲಸಿಕೊಂಡು ತಿಂದು, ಇವರಿಗೆ ಇನ್ನೊಂದು ಚಮಚ ತುಪ್ಪ ಸುರಿಯುತ್ತಿದ್ದ.

ಆ ದಿನಗಳನ್ನು ನೆನೆದಾಗಲೆಲ್ಲ ಕೋದಂಡರಾಮಪ್ಪನವರ ಬಾಯಲ್ಲಿ ನೀರೂರುತ್ತಿತ್ತು. ಈಗ ಆ ನೀರಿನ ಜೊತೆ ಒಂದು ಸಂಶಯವೂ ಊರತೊಡಗಿತು. ತಾನು ಕಟ್ಟಿದ ಡಬ್ಬಿಯನ್ನೂ ಯಾರೋ ಬುಡನ್ ಸಾಬ್ ತಿನ್ನುತ್ತಿದ್ದರೆ?

ಪರೀಕ್ಷೆಯೊಂದು ಆಗಲೇಬೇಕಿತ್ತು. ಒಂದು ಬುಧವಾರ ಅವರು ಹುಳಿಗೆ ಉಪ್ಪೇ ಹಾಕಲಿಲ್ಲ. ತಮ್ಮ ಪಾಲನ್ನು ಬೇರೆ ತೆಗೆದಿಟ್ಟು ಅದಕ್ಕೆ ಮಾತ್ರ ಚಿಟಿಕೆ ಉಪ್ಪು ಬೆರೆಸಿದರು. (ಬಿಪಿ ಬಂದ ಮೇಲೆ ಡಾಕ್ಟರು ಅವರಿಗೆ ಉಪ್ಪು ಕಡಿಮೆ ಮಾಡಿಸಿ ವರ್ಷಗಳೇ ಆಗಿದ್ದವು.) ಉಪ್ಪಿಲ್ಲದ ಡಬ್ಬಿ ಗೌನಿಪಲ್ಲಿಯ ಬಸ್ಸು ಹತ್ತಿತು. ಸಂಜೆ ಶ್ಯಾಮಲಾ ಎಂದಿನಂತೆ ಬಂದರು, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು.

"ಚೆನ್ನಾಗಿತ್ತು," ಅಂದರು. "ನಮ್ ಸ್ಕೂಲಿನ ಅರ್ಷಿಯಾ ಎರಡು ಸಲ ಹಾಕಿಸ್ಕೊಂಡ್ಳು."

ಕೋದಂಡರಾಮಪ್ಪನವರು ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟರು. ಕಳ್ಳಿ ಸಿಕ್ಕಿಬಿದ್ದಿದ್ದಾಳೆ. ಆದರೆ ಸಾಕ್ಷಿಯಿಲ್ಲದೆ ಕೇಳಿದರೆ ಟೀಚರ ಮುಂದೆ ಮಾತು ನಿಲ್ಲುವುದಿಲ್ಲ. ಅವರು ಹಿತ್ತಲಿಗೆ ಹೋಗಿ ಬುಡನ್ ಸಾಬರಿಗೆ ಫೋನು ಮಾಡಿ, ಇದ್ದದ್ದನ್ನೆಲ್ಲ ತೋಡಿಕೊಂಡರು. ಆ ಕಡೆಯಿಂದ ಬಹಳ ಹೊತ್ತು ನಗು ಮಾತ್ರ ಕೇಳಿಸಿತು.

ಮಾರನೆಯ ದಿನ ಮುಳಬಾಗಿಲಿನಿಂದ ಬುಡನ್ ಸಾಬರು ಬಂದಿಳಿದರು. ಸ್ನೇಹಿತನ ಕಷ್ಟಕ್ಕೆ ಆಗದಿದ್ದರೆ ಹೇಗೆ ಅನ್ನುವುದು ಒಂದು ಕಾರಣ. ಹೆಂಡತಿ ಖುರ್ಷೀದ್ ಬೇಗಂ ಅವತ್ತು ಮನೆಯ ಅಕ್ಕಿ ಆರಿಸಲು ಹೇಳಿದ್ದರು ಅನ್ನುವುದು ಇನ್ನೊಂದು. ಇಬ್ಬರೂ ಗೌನಿಪಲ್ಲಿಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಮಾವಿನ ತೋಪುಗಳನ್ನು ನೋಡುತ್ತ ಹಳೆಯ ಡಬ್ಬಿಗಳ ಮಾತಾಡಿದರು. ಆಫೀಸಿನಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ಊಟ ಮಾಡಿ ಯಾರ ಡಬ್ಬಿ ಯಾರು ತಿಂದೆವೆಂದು ಗೊತ್ತಾಗದೆ ಜಗಳವಾಡಿದ್ದನ್ನು ನೆನೆದು ನಕ್ಕರು. ಕರೆಂಟ್ ಆಫೀಸಿನಲ್ಲೇ ಕರೆಂಟು ಹೋಗುತ್ತಿದ್ದ ಕಾಲ ಅದು.

ಅವರು ಸ್ಕೂಲು ಮುಟ್ಟಿದಾಗ ಊಟದ ಬೆಲ್ಲು ಹೊಡೆದಾಗಿತ್ತು. ಸ್ಟಾಫ್ ರೂಮಿನ ಬಾಗಿಲು ತೆರೆದೇ ಇತ್ತು. ಒಳಗೆ ಕಂಡ ದೃಶ್ಯಕ್ಕೆ ಕೋದಂಡರಾಮಪ್ಪನವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಮೇಜಿನ ನಡುವೆ ಅಗಲವಾದ ಸ್ಟೀಲ್ ಬೇಸನ್ನಿನಲ್ಲಿ ಅವರ ಹುಳಿ ಆಪರೇಷನ್ನಿಗೆ ಮಲಗಿಸಿದ ರೋಗಿಯಂತೆ ಹರಡಿಕೊಂಡಿತ್ತು. ಶ್ಯಾಮಲಾ ಪಿಂಗಾಣಿ ಜಾಡಿಯಿಂದ ಉಪ್ಪು ಉದುರಿಸುತ್ತಿದ್ದರು. ಸೈನ್ಸ್ ಟೀಚರು ಅರ್ಷಿಯಾ ನಿಂಬೆಹಣ್ಣು ಹಿಂಡುತ್ತಿದ್ದಳು. ಮಕ್ಕಳಿಗೆ ಬಿಸಿಯೂಟ ಮಾಡುವ ದೊಡ್ಡಮುನಿಯಮ್ಮ ಬೆಳ್ಳುಳ್ಳಿ ಒಗ್ಗರಣೆ ಚಿಟಪಟಗುಟ್ಟುವ ಸೌಟನ್ನು ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು.

ಬಾಗಿಲಲ್ಲಿ ನಿಂತ ಇಬ್ಬರು ಗಂಡಸರನ್ನು ಯಾರೋ ಇಲಾಖೆಯವರೆಂದುಕೊಂಡ ದೊಡ್ಡಮುನಿಯಮ್ಮ ತೆಲುಗು ಬೆರೆತ ಕನ್ನಡದಲ್ಲಿ ಉಪಚಾರಕ್ಕೆ ತೊಡಗಿದರು. "ರಾಂಡಿ ಸಾರ್, ಕೂತ್ಕಳ್ಳಿ, ಊಟ ಮಾಡಿ. ಇದು ನಮ್ ಟೀಚರ್ ಯಜಮಾನ್ರು ಮಾಡಿರೋದು. ದಿನಾ ಉಪ್ಪೇ ಲೇದು. ನಾವು ಸರಿ ಮಾಡ್ಕಂಡು ತಿಂತೀವಿ."

ಶ್ಯಾಮಲಾ ತಲೆಯೆತ್ತಿ ನೋಡಿದರು. ಉಪ್ಪಿನ ಚಮಚ ಗಾಳಿಯಲ್ಲೇ ನಿಂತಿತು.

"ದಿನಾ ಅಂದ್ರೆ?" ಅಂದರು ಕೋದಂಡರಾಮಪ್ಪನವರು. "ನಾನು ಉಪ್ಪು ಹಾಕದೇ ಇದ್ದದ್ದು ನಿನ್ನೆ ಒಂದು ದಿನ. ಬೇಕು ಅಂತಲೇ."

"ನಿನ್ನೆನಾ?" ಶ್ಯಾಮಲಾ ನೆನಪು ಮಾಡಿಕೊಳ್ಳಲು ನೋಡಿದರು. "ನಿನ್ನೇದೂ ಹೀಗೇ ಇತ್ತಲ್ಲ."

ಅರ್ಷಿಯಾ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಶ್ಯಾಮಲಾ ಮೆಲ್ಲಗೆ ವಿವರಿಸಿದರು. ಬಿಪಿಯಿಂದ ಅವರ ನಾಲಿಗೆಯೇ ಸಪ್ಪೆಗೆ ಒಗ್ಗಿಹೋಗಿದೆ, ಅವರಿಗೆ ಸರಿಯೆನಿಸಿದ್ದು ಬೇರೆಯವರಿಗೆ ಸಪ್ಪೆ. ಅಷ್ಟು ಮುತುವರ್ಜಿಯಿಂದ ಕಟ್ಟಿಕೊಡುವವರಿಗೆ ಇದನ್ನು ಹೇಳಲು ಮನಸ್ಸು ಬರಲಿಲ್ಲ. ಹಾಗಂತ ಒಂದು ದಿನವೂ ಚೆಲ್ಲಿಲ್ಲ, ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಂಡಿಲ್ಲ. ಎಲ್ಲರಿಗೂ ಬಡಿಸಿ ತಾವೂ ತಿಂದಿದ್ದಾರೆ.

ಕೋದಂಡರಾಮಪ್ಪನವರ ಎದೆ ಒಂದೇ ಗಳಿಗೆಯಲ್ಲಿ ಕುಗ್ಗಿತು, ಹಿಗ್ಗಿತು. ಅಡುಗೆಯ ಮಾನ ಹೋಯಿತು, ಆದರೆ ತಾವು ಕಟ್ಟಿದ ಡಬ್ಬಿಯನ್ನು ಹೆಂಡತಿಯೇ ತಿಂದಿದ್ದಾರೆ. ವಿಷಯ ಅಲ್ಲಿಗೇ ಮುಗಿದಿದ್ದರೆ ಅವರು ಗೆದ್ದವರಂತೆಯೇ ಮನೆಗೆ ಹೋಗಬಹುದಿತ್ತು. ಆದರೆ ಬುಡನ್ ಸಾಬರು ಆಗಲೇ ತಟ್ಟೆ ಹಿಡಿದು ಕೂತಾಗಿತ್ತು. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆಯಾಡಿಸಿದರು.

"ಒಗ್ಗರಣೆ ಬಿದ್ದ ಮೇಲೆ ಪರವಾಗಿಲ್ಲ. ಆದ್ರೆ ಶ್ಯಾಮಲಮ್ಮ, ಇದು ನಿಮ್ ಕೈಯಲ್ಲ. ನಿಮ್ ಕೈ ರುಚಿ ನಂಗೊತ್ತಿಲ್ವಾ? ಸರ್ವೀಸ್ ಪೂರ್ತಿ ಅದನ್ನೇ ತಿಂದೋನು ನಾನು."

ಶ್ಯಾಮಲಾ ಉಪ್ಪಿನ ಜಾಡಿಗೆ ಮುಚ್ಚಳ ಹಾಕಿದರು.

"ಸರ್ವೀಸ್ ಪೂರ್ತಿ," ಅಂದರು ಶ್ಯಾಮಲಾ, ಗಂಡನನ್ನೇ ನೋಡುತ್ತ. ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡದ ಹುಡುಗನನ್ನು ನೋಡುವ ನೋಟ ಅದು. "ಮತ್ತೆ ದಿನಾ ಸಂಜೆ ನೀವು ಹೇಳ್ತಿದ್ದದ್ದು?"

ಕೋದಂಡರಾಮಪ್ಪನವರು ಗೋಡೆಯ ಮೇಲಿನ ಟೈಮ್‌ಟೇಬಲ್ಲನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

ಜಗಳವಾಗುತ್ತದೆಂದು ಎಲ್ಲರೂ ಕಾದರು, ಆಗಲಿಲ್ಲ. ಶ್ಯಾಮಲಾ ಕುರ್ಚಿಯನ್ನು ಬುಡನ್ ಸಾಬರ ಕಡೆ ಎಳೆದುಕೊಂಡು ಕೂತು, ಹಾಗಾದರೆ ಏನೇನು ತಿಂದಿದ್ದೀರಿ ಹೇಳಿ ಅಣ್ಣ ಅಂದರು. ಬುಡನ್ ಸಾಬರಿಗೆ ಎಲ್ಲ ನೆನಪಿತ್ತು. ಯುಗಾದಿ ಹತ್ತಿರ ಬಂದರೆ ಡಬ್ಬಿಗೆ ಬರುತ್ತಿದ್ದ ಮಾವಿನಕಾಯಿ ಚಿತ್ರಾನ್ನ. ಮಳೆಗಾಲದ ಹುರುಳಿಕಾಳು ಬಸ್ಸಾರು. ಒಂದು ವರ್ಷ ಶ್ಯಾಮಲಾ ಕೈ ಸುಟ್ಟುಕೊಂಡಾಗ ತಿಂಗಳೆಲ್ಲ ಬಂದ ಬರೀ ಮೊಸರನ್ನ, ಅದರಲ್ಲೂ ದಾಳಿಂಬೆ ಕಾಳು. ಎಲ್ಲಕ್ಕಿಂತ ಹೆಚ್ಚಾಗಿ ಚಳಿಗಾಲದ ಹಿದುಕಿದ ಬೇಳೆ ಸಾರು. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ತೆಗೆದು ಮಾಡುವ ಆ ಸಾರನ್ನು, ಮೇಜಿನ ಮೇಲೆ ಒಂದು ತೊಟ್ಟು ಬಿದ್ದರೂ ಬಿಡುತ್ತಿರಲಿಲ್ಲವೆಂದರು.

ಶ್ಯಾಮಲಾ ತಲೆ ತಗ್ಗಿಸಿ ಕೇಳುತ್ತಿದ್ದರು. ಹಿದುಕಿದ ಬೇಳೆ ಮಾಡಿದ ದಿನ ಬೇಳೆಯನ್ನೆಲ್ಲ ಬಳಿದು ಗಂಡನ ಡಬ್ಬಿಗೆ ತುಂಬಿ, ರಾತ್ರಿ ಮುದ್ದೆಗೆ ಇಬ್ಬರೂ ತಿಳಿ ಸಾರು ಹಾಕಿಕೊಂಡು ಉಣ್ಣುತ್ತಿದ್ದದ್ದು ಅವರಿಗೆ ನೆನಪಾಗಿರಬೇಕು. ಕೋದಂಡರಾಮಪ್ಪನವರಿಗಂತೂ ನೆನಪಾಯಿತು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಶ್ಯಾಮಲಾ ಹೇಳಿದ್ದು ಒಂದೇ. ಭಾನುವಾರ ಬುಡನ್ ಸಾಬರೂ ಖುರ್ಷೀದ್ ಬೇಗಮ್ಮೂ ಊಟಕ್ಕೆ ಬರುತ್ತಾರೆ, ಅವತ್ತಿನ ಅಡುಗೆ ತನ್ನದು.

ಶನಿವಾರ ರಾತ್ರಿ ಕೋದಂಡರಾಮಪ್ಪನವರು ಕೇಳದೆಯೇ ಅವರೆಕಾಯಿ ಬಿಡಿಸಿ ನೆನೆಸಿದರು, ಬೆಳಗ್ಗೆ ಕೂತು ಅಷ್ಟನ್ನೂ ಹಿದುಕಿದರು. ಉಗುರು ನೋಯುವಷ್ಟು ಹೊತ್ತಾದರೂ ಪಾತ್ರೆಯ ತಳ ಮುಚ್ಚಿರಲಿಲ್ಲ. ಖುರ್ಷೀದ್ ಬೇಗಂ ಮೆಂತ್ಯದ ಕೈಮಾ ತಂದಿದ್ದರು. ಅವರಿಗೂ ವಿಷಯ ಈಗಷ್ಟೇ ಗೊತ್ತಾದದ್ದು. ಹೆಂಗಸರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಇಷ್ಟು ವರ್ಷ ಯಾರ ಹೊಟ್ಟೆಗಾಗಿ ದುಡಿದೆವೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಂತಿತ್ತು.

"ಹೆಂಗಸ್ರು ಮೊದ್ಲು ಕೂತ್ಕೋತೀವಿ," ಅಂದರು ಖುರ್ಷೀದ್ ಬೇಗಂ. "ನೀವಿಬ್ರೂ ಬಡಿಸಿ."

ಗಂಡಸರು ಬಡಿಸಿದರು. ಹೆಂಗಸರು ಆತುರಪಡಲಿಲ್ಲ. ಕೈಮಾಗೆ ಎಷ್ಟು ಮೆಂತ್ಯ, ಹಿದುಕಿದ ಬೇಳೆಗೆ ತೆಂಗಿನಕಾಯಿ ಯಾವಾಗ ಎಂದು ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ, ಗಂಡಂದಿರ ವಿಷಯಕ್ಕೆ ಬಂದಾಗ ಪಿಸುದನಿಗಿಳಿಯಿತು. ಸಾರು ಕೇಳಿದಾಗಲೆಲ್ಲ ಸಾರು, ಕೈಮಾ ಕೇಳಿದಾಗಲೆಲ್ಲ ಕೈಮಾ. ಅವರು ಎದ್ದು ಎಲೆ ಅಡಿಕೆ ಹಿಡಿದು ಜಗಲಿಗೆ ಹೋದ ಮೇಲೆ, ಇಬ್ಬರು ನಿವೃತ್ತ ಗುಮಾಸ್ತರು ಅಡುಗೆಮನೆಯ ನೆಲದ ಮೇಲೆ ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂತರು.

ಕೈಮಾದ ಡಬ್ಬಿಯಲ್ಲಿ ಎಣ್ಣೆ ಮಾತ್ರ ಹೊಳೆಯುತ್ತಿತ್ತು. ಸಾರಿನ ಪಾತ್ರೆಯ ತಳದಲ್ಲಿ ತಿಳಿ, ಅದರಲ್ಲಿ ಅಲ್ಲೊಂದು ಇಲ್ಲೊಂದು ಬೇಳೆ. ಒಂದೇ ತಟ್ಟೆಯಲ್ಲಿ ಒಂದು ಮುದ್ದೆಯನ್ನು ಮುರಿದಿಟ್ಟುಕೊಂಡರು. ಬುಡನ್ ಸಾಬರು ಬೆರಳಲ್ಲಿ ಬೇಳೆಗಳನ್ನು ಒಟ್ಟುಮಾಡಿ, ಅಷ್ಟನ್ನೂ ಕೋದಂಡರಾಮಪ್ಪನವರ ಕಡೆ ಸರಿಸಿದರು.

"ಇದಾದ್ರೂ ನೀನೇ ತಿನ್ನಯ್ಯ."

ಕೋದಂಡರಾಮಪ್ಪನವರು ತಿಂದರು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದುಕೊಂಡು ಬುಡನ್ ಸಾಬರು ನೀರಿನ ಲೋಟ ಕೊಟ್ಟರು. ಅಷ್ಟರಲ್ಲಿ ಜಗಲಿಯಿಂದ ಶ್ಯಾಮಲಾ ದನಿ ಕೇಳಿಸಿತು.

"ರೀ, ಉಂಡಾದ್ಮೇಲೆ ಪಾತ್ರೆ ಎಲ್ಲಾ ಉಜ್ಜಿಡಿ. ಹಾಗೇ ನಮ್ಮಿಬ್ರಿಗೂ ಒಂದೊಂದು ಲೋಟ ಕಾಫಿ ಬರ್ಲಿ."