ತೆರಿಗೆ ಬಿಟ್ಟರು, ಟಿಕೆಟ್ ಬಿಡಲಿಲ್ಲ

ನನಗೊಂದು ಕೆಟ್ಟ ಅಭ್ಯಾಸ. ಯಾರಾದರೂ ಅರ್ಧ ಮಾತು ಹೇಳಿದರೆ ಉಳಿದರ್ಧ ನಾನೇ ಸೇರಿಸಿಕೊಂಡು ಬೀದಿಗೆಲ್ಲ ಹೇಳಿಬಂದಿರುತ್ತೇನೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದಕ್ಕೆ ಹೀಗೆ ಅನ್ನುತ್ತಾನೆ ಮಗ. ಬಿ.ಎ. ಮಾಡಿದ ಅವನ ಅತ್ತೆಯೂ ಹೀಗೇ. ಅದನ್ನು ಮಾತ್ರ ಅವನು ಹೇಳುವುದಿಲ್ಲ.

ನಮ್ಮ ಯಜಮಾನರು ಮೂವತ್ತು ವರ್ಷ ಕುಸ್ತಿ ಮಾಡಿದವರು. ಗರಡಿಯ ಕೆಮ್ಮಣ್ಣು ಹತ್ತಿದ ಅವರ ಬಟ್ಟೆ ಒಗೆದೂ ಒಗೆದೂ ನನ್ನ ಕೈ ಸವೆಯಿತೇ ಹೊರತು ಒಂದು ದಿನವೂ ಕುಸ್ತಿ ನೋಡಲಿಲ್ಲ. ಹೆಂಗಸರು ಆ ಕಡೆ ಸುಳಿಯುವಂತಿರಲಿಲ್ಲ. ಅವರು ಹೋದರು, ಈಗ ಮೊಮ್ಮಗಳು ಸಿಂಚನಾಳೇ ಮಣ್ಣಿಗೆ ಇಳಿಯುತ್ತಾಳೆ. ಮೊದಲ ಪಂದ್ಯ. "ಅಜ್ಜಿ, ನೀನು ಬರ್ಲೇಬೇಕು. ಹುಡುಗೀರ ಕುಸ್ತಿಗೆ ಜನಾನೇ ಇರಲ್ಲ. ಖಾಲಿ ಕುರ್ಚಿ ನೋಡಿದ್ರೆ ನಂಗೆ ಪಟ್ಟು ಹಾಕೋಕೇ ಮನಸ್ಸು ಬರಲ್ಲ" ಅಂದಳು.

ಅದೇ ವಾರ ಮಗ ಪೇಪರ್ ಓದುತ್ತಾ, "ಅಮ್ಮಾ, ಕುಸ್ತಿಯಂಥ ಊರಿನ ಆಟಗಳ ಟಿಕೆಟ್ ಮೇಲೆ ತೆರಿಗೆ ಬಿಟ್ಟಿದ್ದಾರೆ" ಅಂದ. ಮುಂದೇನೋ ಹೇಳುತ್ತಿದ್ದ, ನಾನಾಗಲೇ ಗೇಟು ದಾಟಿದ್ದೆ. "ಕುಸ್ತಿ ಪುಕ್ಕಟೆ ಮಾಡ್ಬುಟ್ಟಿದ್ದಾರೆ ಕಣ್ರೇ, ಹೊರಡಿ!" ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಸರ್ಕಾರ ಕುಸ್ತಿಯನ್ನೂ ಪುಕ್ಕಟೆ ಮಾಡದೇ ಇರುತ್ತದೆಯೇ? ಪಂದ್ಯದ ದಿನ ಕುವೆಂಪುನಗರದ ನಮ್ಮ ಬೀದಿಯಿಂದ ನನ್ನ ಜೊತೆ ಒಂಬತ್ತು ಹೆಂಗಸರು ಬಸ್ಸು ಹತ್ತಿದರು. ಪರ್ಸು ಯಾರೂ ತರಲಿಲ್ಲ. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡ್ ಇತ್ತು.

ಕುಸ್ತಿ ಅಖಾಡದ ಬಾಗಿಲಲ್ಲಿ ಟಿಕೆಟ್ ಕೊಡಲು ಕೂತಿದ್ದವನು ಕಾರ್ಡುಗಳನ್ನು ನೋಡಿದ, ನಮ್ಮನ್ನು ನೋಡಿದ. "ಅಜ್ಜಿ, ಬಿಟ್ಟಿರೋದು ತೆರಿಗೆ. ಟಿಕೆಟ್ ಅಲ್ಲ. ರೇಟ್ ಸ್ವಲ್ಪ ಕಮ್ಮಿ ಆಗಿದೆ, ಅಷ್ಟೇ."

ಒಂಬತ್ತು ಮುಖಗಳೂ ನನ್ನ ಕಡೆ ತಿರುಗಿದವು. ಎದುರು ಮನೆ ಪುಟ್ಟಗೌರಮ್ಮ, "ಕುದಿಯೋ ಸಾರು ಇಳಿಸಿ ಬಂದಿದ್ದೀನಿ ಕಣೇ! ಈಗೇನು, ಆಧಾರ್ ಅಡ ಇಟ್ಟು ಒಳಗೋಗ್ಲಾ?" ಅಂದಳು. ಅಷ್ಟರಲ್ಲಿ ಮೈಕಿನಲ್ಲಿ ಸಿಂಚನಾಳ ಹೆಸರು ಕೂಗಿದರು. ಎಲೆಅಡಿಕೆ ಸಂಚಿಯಲ್ಲಿ ಮಂಡಿನೋವಿನ ಎಣ್ಣೆಗೆಂದು ದುಡ್ಡಿಟ್ಟಿದ್ದೆ. ಸುರಿದುಬಿಟ್ಟೆ. ಹತ್ತು ಟಿಕೆಟಿಗೆ ಸರಿಹೋಯಿತು. ತೆರಿಗೆ ಇದ್ದಿದ್ದರೆ ಪುಟ್ಟಗೌರಮ್ಮ ಹೊರಗೇ ಉಳಿಯುತ್ತಿದ್ದಳು.

ಒಳಗೆ ಹೋದ ಮೇಲೆ ಕುರ್ಚಿ ಹತ್ತಿ ನಿಂತವಳೂ ಅವಳೇ. "ಪಟ್ಟು ಬಿಡ್ಬೇಡ ಕಣೇ ಸಿಂಚನಾ!" ಇಲವಾಲದ ಗಟ್ಟಿ ಹುಡುಗಿಯೆದುರು ನಮ್ಮವಳು ಕೊನೇವರೆಗೂ ನಿಂತಳು, ಆಮೇಲೆ ಸೋತಳು. ಮುಖದ ತುಂಬ ಕೆಮ್ಮಣ್ಣು, ಬಾಯಿ ತುಂಬ ನಗು. "ಅಜ್ಜಿ, ಅಷ್ಟು ಜನ ಕೂಗಿದ್ದು ನಂಗೇನಾ?"

"ನಿಂಗೇ. ಸೋತಿದ್ದೂ ನೀನೇ. ಬಟ್ಟೆ ನೀನೇ ಒಗ್ಕೋ" ಅಂದೆ.

ಮುಂದಿನ ಪಂದ್ಯಕ್ಕೆ ಪುಟ್ಟಗೌರಮ್ಮ ಪರ್ಸು ತರುತ್ತಾಳಂತೆ. ಇನ್ನು ಮೇಲೆ ಯಾವ ವಿಷಯವನ್ನೂ ಪೂರ್ತಿ ತಿಳಿಯದೆ ಬಾಯಿ ಬಿಡುವುದಿಲ್ಲ ಎಂದು ನಾನೂ ಗಟ್ಟಿಮನಸ್ಸು ಮಾಡಿದ್ದೇನೆ. ಆ ಪಂದ್ಯ ಸಿಂಚನಾ ಗೆಲ್ಲುತ್ತಾಳೆ ಅಂತ ಬೀದಿಗೆಲ್ಲ ಹೇಳಿಬಂದ ಮೇಲೆ.