ನೂರಾ ಮೂವತ್ತಮೂರನೆಯ ಸಭೆ

ಕಲಬುರಗಿಯ ನಮ್ಮ ಒಕ್ಕೂಟ ವ್ಯವಸ್ಥೆ ಅಧ್ಯಯನ ಸಂಸ್ಥೆಯ ಆಡಳಿತ ಮಂಡಳಿ ಹನ್ನೊಂದು ವರ್ಷಗಳಲ್ಲಿ ನೂರಾ ಮೂವತ್ತೆರಡು ಸಭೆ ನಡೆಸಿದೆ. ಒಂದಕ್ಕೂ ಕೋರಂ ಕೊರತೆಯಾಗಿಲ್ಲ. ಸದಸ್ಯರು ಎಲ್ಲೂ ಸೇರದಿರುವುದರಿಂದ ಇದು ಸಾಧ್ಯವಾಗಿದೆ. ಸೂಪರಿಂಟೆಂಡೆಂಟ್ ಆದ ನಾನು ನಡವಳಿ ಬರೆಯುತ್ತೇನೆ. ಅಟೆಂಡರ್ ದೌಲಪ್ಪ ಪುಸ್ತಕವನ್ನು ಸ್ಕೂಟರಿನಲ್ಲಿ ಒಯ್ದು ಖೂಬಾ ಪ್ಲಾಟ್, ಶಹಾಬಜಾರ ಬಡಾವಣೆಗಳ ಸದಸ್ಯರ ಮನೆ ಸುತ್ತಿ ಸಹಿ ತರುತ್ತಾನೆ. ಅಧಿಕಾರ ಮನೆಬಾಗಿಲಿಗೆ ಹೋಗಬೇಕೆಂಬುದೇ ನಮ್ಮ ಧ್ಯೇಯ.

ಡಾ. ಫರ್ಹೀನ್ ನಮ್ಮಲ್ಲಿ ಹತ್ತು ವರ್ಷದಿಂದ ರಾಜ್ಯಶಾಸ್ತ್ರ ಕಲಿಸುತ್ತಿದ್ದಾರೆ. ಪ್ರೊಫೆಸರ್ ಆಗಲು ಮಂಡಳಿ ಒಪ್ಪಿದ ಒಂದು ಪ್ರಬಂಧ ಬೇಕಿತ್ತು; ತಿಂಗಳೊಳಗೆ ಅದು ಆಗದಿದ್ದರೆ ಹುದ್ದೆಯೇ ರದ್ದು. ಅವರು ಕಮಲಾಪುರದ ಕಡೆಯ ಒಂದು ಪಂಚಾಯಿತಿಯಲ್ಲಿ ಎರಡು ಬೇಸಿಗೆ ಕುಳಿತು, ಅಲ್ಲಿ ಸಭೆ ನಡೆಯುವುದಿಲ್ಲ, ನಡವಳಿ ಪುಸ್ತಕವೇ ಮನೆ ಮನೆಗೆ ಹೋಗುತ್ತದೆ ಎಂದು ಬರೆದರು. ಕಂಡದ್ದನ್ನು ಬರೆಯುವ ಕೆಟ್ಟ ಚಟ ಅವರಿಗೆ.

ನಮ್ಮ ನಿರ್ದೇಶಕ ಶಿವಲಿಂಗ ಅವರು ಡಾ. ಫರ್ಹೀನ್ ಅವರನ್ನು ಕರೆಸಿದರು.

“ಪುಸ್ತಕದಾಗ ಸಹಿ ಅವ ಇಲ್ಲರಿ?”

“ಅವ ಸರ್.”

“ಸಹಿ ಇದ್ದ ಮ್ಯಾಲ ಸಭಿ ಆಗಿಲ್ಲ ಅಂತ ಹ್ಯಾಂಗ ಅಂತೀರಿ? ಸಂಶೋಧನಾಕ್ಕ ದಾಖಲಿ ಬೇಕ್ರಿ.”

“ನಾ ಅಲ್ಲೇ ಕುಂತಿದ್ದೆ ಸರ್. ಒಬ್ರೂ ಬರಲಿಲ್ಲ.”

“ನೀವು ಮೆಂಬರ್ ಅಲ್ಲ. ನೀವು ನೋಡಿದ್ದು ಲೆಕ್ಕಕ್ಕ ಹಿಡಿಯಂಗಿಲ್ಲ.”

ಸಂಸ್ಥೆಗೆ ಅವರ ಮೇಲೆ ಕನಿಕರವಿತ್ತು. ಆದ್ದರಿಂದ ತಕ್ಷಣ ನೂರಾ ಮೂವತ್ತಮೂರನೆಯ ಸಭೆ ಬರೆದೆ:

“ವಿಷಯ ೪: ಡಾ. ಫರ್ಹೀನ್ ಖುದ್ದು ಹಾಜರಾಗಿ, ಚರ್ಚೆಯ ನಂತರ, ಸದರಿ ಪಂಚಾಯಿತಿಯ ಸಭೆಗಳು ಕ್ರಮಬದ್ಧವಾಗಿ ನಡೆದಿವೆ ಎಂದು ಪ್ರಬಂಧವನ್ನು ತಿದ್ದಿಕೊಂಡರು. ಬಡ್ತಿಗೆ ಸರ್ವಾನುಮತದ ಒಪ್ಪಿಗೆ.”

ಡಾ. ಫರ್ಹೀನ್ ಅವರನ್ನು ದೌಲಪ್ಪ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯ ಮುಂದೆ ಹಿಡಿದ.

“ಎಲ್ಲಾರೂ ಸಹಿ ಮಾಡ್ಯಾರ ಮೇಡಂ. ನಿಮ್ದೊಂದೇ ಉಳದದ.”

“ನಾ ಇದನ್ನ ಅಂದೇ ಇಲ್ಲಲ್ಲ ದೌಲಪ್ಪ.”

“ಯಾರೂ ಏನೂ ಅಂದಿಲ್ರಿ. ಸೂಪರಿಂಟೆಂಡೆಂಟ್ ಸಾಹೇಬ್ರು ಛಲೋ ಬರದಾರ.”

ಅವರು ವಿಷಯ ನಾಲ್ಕನ್ನು ಮೂರು ಸಲ ಓದಿದರಂತೆ. ಕೇಳಿ ನನಗೂ ಬೇಜಾರಾಯಿತು. ನಡವಳಿಯಲ್ಲಿ ಬೇಜಾರಿಗೆ ಕಾಲಂ ಇಲ್ಲ.

ಕೊನೆಗೆ ಸಹಿ ಮಾಡಿದರು. ಪುಸ್ತಕ ಮಡಚುವ ಮುನ್ನ ಮತ್ತೆ ಪೆನ್ನು ಇಸಿದುಕೊಂಡು, “ಚರ್ಚೆಯ” ಎಂಬಲ್ಲಿ ತಮ್ಮ ಕೈಯಾರೆ “ಎರಡು ಗಂಟೆಗಳ ಬಿರುಸಿನ ಚರ್ಚೆಯ” ಎಂದು ತಿದ್ದಿದರು. ಅಷ್ಟು ನಿಖರವಾದ ವಿದ್ವಾಂಸರು ನಮ್ಮಲ್ಲಿ ಹಿಂದೆ ಯಾರೂ ಪ್ರೊಫೆಸರ್ ಆಗಿರಲಿಲ್ಲ.