ಖಾಲಿ ರೈಲು ಬಿಟ್ಟ ಜಪಾನಿ ಅಜ್ಜ

ಒಳ್ಳೆಯ ಸಿನಿಮಾ ತೋರಿಸಲು ಹೊರಟವರಿಗೆ ಅದಕ್ಕಿಂತ ಒಳ್ಳೆಯ ದೃಶ್ಯಗಳು ಕುರ್ಚಿಗಳ ಕಡೆಯಿಂದಲೇ ಸಿಗುತ್ತಿರುತ್ತವೆ. ಶಾಲೆಯಿಂದ ನಿವೃತ್ತಳಾದ ಮೇಲೆ ನನಗೆ ಈ ಹುಚ್ಚು ಹಿಡಿಯಿತು. ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ದೇಶವಿದೇಶದ ಸಿನಿಮಾ ಹಾಕುತ್ತೇನೆ. ಜನ ಬರುತ್ತಾರೆ, ಅರ್ಧಕ್ಕೆ ಎದ್ದು ಹೋಗುತ್ತಾರೆ.

ಕಳೆದ ತಿಂಗಳು ಸಂಘದ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿಬಿಟ್ಟರು. "ಟೀಚರ್, ಈ ಸಲವೂ ಜನ ಎದ್ದು ಹೋದ್ರೆ ಮುಂದಿನ ತಿಂಗಳಿಂದ ಹಾಲ್ ಹೌಸಿ-ತಂಬೋಲಾ ಆಡುವವರಿಗೆ. ಆಮೇಲೆ ನನ್ನನ್ನು ಬೈಬೇಡಿ."

ಬುದ್ಧಿ ಇದ್ದವರಾದರೆ ಹೊಡೆದಾಟದ ಸಿನಿಮಾ ಹಾಕುತ್ತಿದ್ದರು. ನಾನು ಹಟಕ್ಕೆ ಬಿದ್ದು ಒಂದು ಜಪಾನಿ ಸಿನಿಮಾ ಹಾಕಿದೆ. ಹೆಂಡತಿ ತೀರಿಹೋದ ಒಬ್ಬ ಅಜ್ಜ. ಅವನು ಚಹಾ ಮಾಡುತ್ತಾನೆ, ಮನೆಯಲ್ಲಿ ಕೂರುತ್ತಾನೆ, ಸ್ಟೇಷನ್ನಿಗೆ ಹೋಗುತ್ತಾನೆ. ಕಥೆ ಅಷ್ಟೇ. ಮೊದಲ ಸಲ ನೋಡಿದಾಗ ನನ್ನ ಸೆರಗು ಒದ್ದೆಯಾಗಿತ್ತು. ಇಡೀ ಹಾಲ್‌ನ ಕರ್ಚೀಫುಗಳೂ ಒದ್ದೆಯಾಗಲಿ ಎಂಬುದು ನನ್ನ ಆಸೆ.

ಆವಾಜ್ ಕೊಡಿ

ಸಿನಿಮಾ ಶುರುವಾಗುವುದೇ ಮೌನದಿಂದ. ಅಜ್ಜ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಾನೆ. ನಾನು ಕಣ್ಣು ತುಂಬಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು, "ಆವಾಜ್, ಆವಾಜ್."

"ಆವಾಜ್ ಇಲ್ಲ, ಅದು ಹಾಗೇ ಇರೋದು," ಅಂದೆ. ಯಾರೂ ನಂಬಲಿಲ್ಲ. ಉಪಕಾರಬುದ್ಧಿಯ ಮಹನೀಯರೊಬ್ಬರು ಎದ್ದು ಹೋಗಿ ಆಂಪ್ಲಿಫೈಯರಿನ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿ ಬಂದು ಕೂತರು. ಆಗಲೂ ಏನೂ ಕೇಳಲಿಲ್ಲ. ಆಮೇಲೆ ಪರದೆಯ ಮೇಲಿನ ಅಜ್ಜ ಮೆಲ್ಲಗೆ, ತುಂಬಾ ಮೆಲ್ಲಗೆ, ಕಪ್ಪನ್ನು ಮೇಜಿನ ಮೇಲಿಟ್ಟ.

ಮುಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದ ನಮ್ಮ ಹಿರಿಯ ಸದಸ್ಯೆ ಎದೆ ಹಿಡಿದುಕೊಂಡು ಎದ್ದು ನಿಂತು ಕೇಳಿದರು, "ಸಿಡಿದ ಸಿಲಿಂಡರ್ ಯಾರ ಮನೇದು?"

ಹೋಟೆಲಿನವರ ಕಣ್ಣು

ನನ್ನ ಗಂಡ ಕುಂದಾಪುರದ ಕಡೆಯವರು. ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ. ನನ್ನ ಸಿನಿಮಾಗಳಿಗೆ ಬರುವುದೂ ಸಂಸಾರದ ಕರ್ತವ್ಯಗಳಲ್ಲಿ ಒಂದು ಎಂದು ತಿಳಿದವರು.

ಪರದೆಯ ಮೇಲೆ ಅಜ್ಜ ಚಹಾ ಮಾಡಲು ಶುರುಮಾಡಿದ. ನೀರು ಕಾಯಿಸಿದ. ಹಬೆಯನ್ನು ನೋಡಿದ. ಕಪ್ಪು ಒರೆಸಿದ, ಮತ್ತೆ ಒರೆಸಿದ. ಪಕ್ಕದಲ್ಲಿ ನನ್ನ ಗಂಡನಿಗೆ ಕುಳಿತಲ್ಲೇ ಬೆವರು.

"ಇಷ್ಟು ಹೊತ್ತಿಗೆ ನಮ್ಮಲ್ಲಿ ಗಿರಾಕಿ ಎದ್ದು ಎದುರಿನ ಹೋಟೆಲಿಗೆ ಹೋಗಿ ಆಯ್ತು," ಅಂದರು.

"ಅವನು ಹೆಂಡತಿಯನ್ನು ನೆನೆಸಿಕೊಳ್ತಿದ್ದಾನೆ, ಸುಮ್ಮನಿರಿ."

"ನೆನೆಸಿಕೊಳ್ಳಲಿ. ಗ್ಯಾಸ್ ಆದ್ರೂ ಸಣ್ಣ ಮಾಡ್ಲಿಕ್ಕೆ ಹೇಳು."

ತಡೆಯಲಾಗದೆ ಹೊರಗೆ ಹೋಗಿ ಹೋಟೆಲಿಗೆ ಫೋನ್ ಮಾಡಿದರು. ಇಂಟರ್ವಲ್‌ಗೆ ಬರಬೇಕಿದ್ದ ಚಹಾ, ಬಟಾಟೆ ವಡೆ ಆಗಲೇ ಬಂದವು. ಎದ್ದು ಹೊರಟಿದ್ದವರೆಲ್ಲ ಕೈಗೆ ಪ್ಲೇಟು ಬಂದದ್ದರಿಂದ ಮತ್ತೆ ಕೂತರು. ಸಿನಿಮಾದ ಅಜ್ಜ ಮೊದಲ ಗುಟುಕು ಕುಡಿಯುವ ಹೊತ್ತಿಗೆ ನಮ್ಮ ಹಾಲ್‌ನಲ್ಲಿ ಎರಡನೆಯ ರೌಂಡ್ ನಡೆದಿತ್ತು.

ಖಾಲಿ ಮನೆ

ಅಜ್ಜನ ಮನೆಯಲ್ಲಿ ಒಂದು ಚಾಪೆ, ಒಂದು ಮೇಜು, ಒಂದು ಹೂದಾನಿ. ಅಷ್ಟೇ. ಆ ಖಾಲಿತನದ ಬಗ್ಗೆ ಮೊದಲೇ ಪುಟ್ಟ ಭಾಷಣ ಮಾಡಿದ್ದೆ. ನನ್ನ ಬೆನ್ನ ಹಿಂದೆ ನಮ್ಮ ಬಿಲ್ಡಿಂಗಿನ ಇಬ್ಬರು ಹೆಂಗಸರು ಕೂತಿದ್ದರು.

"ಪಾಪ, ಸಾಮಾನೆಲ್ಲ ಎಲ್ಲಿಗೆ ಹೋಯ್ತು?"

"ಬಿಲ್ಡಿಂಗ್ ಕೆಡವಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿರ್ಬೇಕು. ನಮ್ಮ ಅಕ್ಕನ ಮನೆಯೂ ಖಾಲಿ ಮಾಡುವಾಗ ಹೀಗೇ ಕಾಣ್ತಿತ್ತು. ಅವಳೂ ಹೀಗೇ ಕೂತಿದ್ಳು, ಗೋಡೆ ನೋಡ್ತಾ."

ಆ ಇಬ್ಬರಲ್ಲಿ ಒಬ್ಬಾಕೆಯ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಸುಮ್ಮನೆ ಕೂರೆಂದು ತಾಯಿಯನ್ನು ಮರಾಠಿಯಲ್ಲಿ ಗದರಿಸಿದಳು, "ಮಮ್ಮಿ, ಗಪ್ಪ ಬಸ್ ನಾ, ಆರ್ಟ್ ಫಿಲ್ಮ್ ಆಹೆ."

"ಆರ್ಟ್ ಆದ್ರೇನು, ಮನೆಗೊಂದು ಕಪಾಟು ಬೇಡ್ವಾ?"

ಪ್ಲಾಟ್‌ಫಾರ್ಮ್

ವಡೆ ಮುಗಿಯಿತು. ಕುರ್ಚಿಗಳು ಕಿರುಗುಟ್ಟತೊಡಗಿದವು. ಅಧ್ಯಕ್ಷರು ಹಾಲ್‌ನ ಬೀಗ ಹಿಡಿದು ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡಿದರು. ನನ್ನ ಕಥೆ ಮುಗಿಯಿತು, ಇನ್ನು ಇಲ್ಲಿ ಹೌಸಿಯ ನಂಬರೇ ಕೇಳುವುದು ಎಂದುಕೊಂಡೆ. ನಿಜ ಹೇಳುತ್ತೇನೆ, ಅಳು ಬಂತು.

ಅಷ್ಟರಲ್ಲಿ ಪರದೆಯ ಮೇಲೆ ಅಜ್ಜ ಸ್ಟೇಷನ್ನಿನ ಬೆಂಚಿನ ಮೇಲೆ ಬಂದು ಕೂತ. ರೈಲು ಬಂತು. ಅವನ ಮುಂದೆಯೇ ಬಾಗಿಲು ತೆರೆಯಿತು. ಒಳಗೆ ಒಂದು ನರಪಿಳ್ಳೆಯೂ ಇಲ್ಲ.

ಹಾಲ್‌ನಲ್ಲಿದ್ದವರೆಲ್ಲ ಕುರ್ಚಿಯ ತುದಿಗೆ ಬಂದರು. ಜೀವಮಾನವಿಡೀ ಡೊಂಬಿವಲಿಯಿಂದ ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದು ಕೆಲಸಕ್ಕೆ ಹೋದ ಜನ ಅದು.

"ಖಾಲಿ ಉಂಟು," ಅಂದರು ಅಧ್ಯಕ್ಷರು. ಬೀಗ ಹಿಡಿದ ಕೈಯನ್ನೇ ಪರದೆಯತ್ತ ಚಾಚಿದರು. "ವಿಂಡೋ ಸೀಟ್ ಖಾಲಿ ಉಂಟು. ಹತ್ತು ಮಾರಾಯ."

ಅಜ್ಜ ಹತ್ತಲಿಲ್ಲ. ಬಾಗಿಲು ಮುಚ್ಚಿತು. ರೈಲು ಹೋಯಿತು. ಹಾಲ್‌ನಲ್ಲಿ ಎದ್ದ ನಿಟ್ಟುಸಿರನ್ನು ನನ್ನ ಯಾವ ಸಿನಿಮಾವೂ ಕಂಡಿರಲಿಲ್ಲ.

"ತಲೆ ಸರಿ ಇಲ್ಲ ಇವನಿಗೆ," ಅಂದರು ನನ್ನ ಗಂಡ.

ಹತ್ತಿರದ ಶಹಾಡ್‌ನಲ್ಲಿ ಲೋಡಿಂಗ್ ಕೆಲಸ ಮಾಡುವ ಕಲಬುರಗಿಯವರೊಬ್ಬರು ಸಮಾಧಾನ ಹೇಳಿದರು, "ಹಂಗಲ್ಲರಿ, ಅದು ಎಲ್ಲಾ ಕಡಿ ನಿಲ್ಲೋ ಸ್ಲೋ ಗಾಡಿ ಅದ. ಅಂವ ಫಾಸ್ಟಿಗಿ ಕಾಯಲತ್ತಾನ."

ಹಾಲ್‌ಗೆ ಹಾಲೇ ಒಪ್ಪಿತು. ಅಧ್ಯಕ್ಷರು ಬೀಗ ಜೇಬಿಗಿಳಿಸಿ ಮುಂದಿನ ಸಾಲಿಗೇ ಬಂದು ಕೂತರು. ಇನ್ನೊಂದು ರೈಲು ನಿಲ್ಲದೆ ಹೋಯಿತು. "ಇಲ್ಲಿ ಹಾಲ್ಟ್ ಇಲ್ಲ, ಅನೌನ್ಸ್ ಆದ್ರೂ ಮಾಡ್ಬಾರ್ದಾ," ಎಂದು ಜಪಾನಿನ ರೈಲ್ವೆಗೆ ಬೈಗುಳ ಬಿತ್ತು. ಕೊನೆಗೆ ಮತ್ತೊಂದು ರೈಲು ಬಂದು ಅಜ್ಜನನ್ನು ಮರೆ ಮಾಡಿ ನಿಂತಿತು. ಅದು ಹೋದಾಗ ಬೆಂಚು ಖಾಲಿ. ಸಿನಿಮಾ ಮುಗಿಯಿತು.

ಯಾರೂ ಏಳಲಿಲ್ಲ. ಹತ್ತಿದನೋ ಮನೆಗೆ ಹೋದನೋ ಎಂದು ಎರಡು ಪಕ್ಷಗಳಾಗಿ ವಾದ ಶುರುವಾಯಿತು. ಹತ್ತಿದ ಎಂದವರಲ್ಲೂ ಸೀಟು ಸಿಕ್ಕಿತೋ ಇಲ್ಲವೋ ಎಂದು ಒಡಕು. ಅಧ್ಯಕ್ಷರು ಅಲ್ಲೇ ಘೋಷಿಸಿದರು, "ಹೌಸಿ ಬೇಡ. ಮುಂದಿನ ತಿಂಗಳೂ ಸಿನಿಮಾವೇ. ಆದ್ರೆ ಟೀಚರ್, ರೈಲು ಇರುವುದೇ ಹಾಕಿ."

ನನಗೆ ಖುಷಿಯಾಯಿತು. ಆದರೂ ಮೇಷ್ಟ್ರ ಬುದ್ಧಿ ಬಿಡಬೇಕಲ್ಲ. "ಎಲ್ಲ ಸರಿ, ಅಜ್ಜನ ದುಃಖ ನಿಮ್ಮಲ್ಲಿ ಒಬ್ಬರಿಗೂ ಕಾಣಲಿಲ್ವಾ?" ಎಂದು ಕೇಳಿದೆ.

ಅಧ್ಯಕ್ಷರು ಪರದೆಯ ಕಡೆ ನೋಡಿ ಹೇಳಿದರು, "ಕಾಣದೆ ಉಂಟಾ ಟೀಚರ್? ಅದಕ್ಕೇ ಅಲ್ವಾ ಹತ್ತು ಅಂದದ್ದು. ಸೀಟು ಸಿಕ್ಕಿದ್ರೆ ಕೂತಾದ್ರೂ ಅಳಬಹುದಿತ್ತು. ನಾವೆಲ್ಲ ಇಷ್ಟು ವರ್ಷ ನಿಂತೇ ಅತ್ತದ್ದು."